ಗುದ್ದದ ಕೈ

ಕನ್ನಡಕದಂಗಡಿಯ ಯಜಮಾನರಿಗೆ ಇಬ್ಬರು ಮಕ್ಕಳು: ಒಬ್ಬಳು ಮಗಳು, ಇನ್ನೊಂದು ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಕಾರು ಮಗಳಿಗಿಂತ ವಯಸ್ಸಿನಲ್ಲಿ ದೊಡ್ಡದು, ಆದ್ದರಿಂದ ಮರ್ಯಾದೆಯೂ ಅದಕ್ಕೇ ಹೆಚ್ಚು. ಅದರ ಒಂದು ಕೀಲಿ ಸದಾ ಅವರ ಜೇಬಿನಲ್ಲಿರುತ್ತಿತ್ತು. ಇನ್ನೊಂದನ್ನು ಎಲ್ಲಿಟ್ಟೆನೆಂಬುದನ್ನು ಅವರು ಮರೆತು ಬಹಳ ಕಾಲವಾಗಿತ್ತು. ಮನೆಯವರು ಮರೆತಿರಲಿಲ್ಲ.

ಮುಂದಿನ ಭಾನುವಾರ ಹಳೆಯ ಕಾರುಗಳ ಬೆಟ್ಟದ ಓಟ. ಮಗಳು ತನ್ನ ಹೆಸರು ಕೊಟ್ಟು ಬಂದಿದ್ದಳು, ಕಾರೊಂದು ಬಾಕಿ. ಕೇಳಿದಾಗಲೆಲ್ಲ ಅಪ್ಪನದು ಒಂದೇ ರಾಗ.

“ಈ ಗಾಡಿ ಇವತ್ತಿನವರೆಗೂ ಎಲ್ಲೂ ಗುದ್ದಿಲ್ಲ ಕಣಮ್ಮ. ಗುದ್ದದ ಕೈಗೆ ಮಾತ್ರ ಕೀಲಿ. ಅಷ್ಟಕ್ಕೂ ರಿವರ್ಸ್ ಹಾಕೋಕೆ ಬರುತ್ತಾ ನಿಂಗೆ? ಅದು ನನ್ನ ಕೈಗೆ ಬಿಟ್ಟು ಇನ್ಯಾರಿಗೂ ಬಗ್ಗಲ್ಲ.”

ಇತ್ತೀಚೆಗೆ ಕಾರು ತಿರುವುಗಳಲ್ಲಿ ತೊಟ್ಟಿಲಿನಂತೆ ತೂಗುತ್ತಿತ್ತು. ಅವರು ಮೊದಲು ರಸ್ತೆಯನ್ನು ಬೈದರು, ಆಮೇಲೆ ಟೈರನ್ನು, ಕೊನೆಗೆ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ತೂಕವನ್ನು. ಮೂರರಿಂದಲೂ ಪ್ರಯೋಜನವಾಗದೆ ಒಂದು ಬೆಳಿಗ್ಗೆ ವರ್ಕ್‌ಶಾಪಿಗೆ ತಂದರು. ಬೀದಿ ಕೊನೆಯ ಹಳೆಯ ಮೆಕ್ಯಾನಿಕ್ ಅಂಗಡಿ ಮುಚ್ಚಿದ್ದರಿಂದ ಈ ಹೊಸಬ. ಎತ್ತರ ನೋಡಿ ಜನ ಅವನನ್ನು ಉದ್ದಣ್ಣ ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಹೋಟೆಲ್ ಊಟವೆಂಬ ಆಸೆ ತೋರಿಸಿದ್ದರಿಂದ ಹೆಂಡತಿ, ಮಗಳು, ತಾಯಿ ಮೂವರೂ ಬಂದಿದ್ದರು. ಕಾರಿಗೆ ಎರಡೇ ಸೀಟಾದ್ದರಿಂದ ಬಾಡಿಗೆ ಗಾಡಿಯಲ್ಲಿ.

ಮೇಜಿನ ಮೇಲೆ ಮೂರು ಪೆಟ್ಟಿಗೆಗಳಿದ್ದವು: ಗಟ್ಟಿ, ಮಧ್ಯಮ, ಮೆದು. ಗುಂಡಿಗೆ ಬಿದ್ದ ಗಾಡಿಯ ಸ್ಪ್ರಿಂಗ್ ಕುಣಿಯಲು ಶುರುಮಾಡಿದರೆ ಅದಕ್ಕೆ ಮೂಗುದಾರ ಹಾಕುವ ಶಾಕ್ ಅಬ್ಸಾರ್ಬರುಗಳು, ಚಕ್ರಕ್ಕೊಂದರಂತೆ ನಾಲ್ಕು.

“ಗಟ್ಟೀದೇ ಹಾಕು. ನಂದು ಓಡೋ ಗಾಡಿ, ಮಲಗೋ ಮಂಚ ಅಲ್ಲ.”

“ಹಳೇದರ ನಂಬರ್ ನೋಡ್ಬಿಡ್ತೀನಿ ಸಾರ್,” ಎಂದು ಉದ್ದಣ್ಣ, ಮೇಲೆತ್ತಿದ ಕಾರಿನ ಕೆಳಗೆ ಬೆನ್ನು ಬಗ್ಗಿಸಿ ನಿಂತು ಸ್ಕ್ರೂಡ್ರೈವರ್ ತುದಿಯಿಂದ ಕೆರೆದ. ಬೂದು ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಒಳಗೆ ಹಳದಿ.

“ಮುಂದಿನ ಎಡಗಡೇದು ಈ ಗಾಡೀದಲ್ಲ ಸಾರ್.”

“ಮತ್ತೆ ನಿಮ್ಮಪ್ಪನ ಗಾಡೀದಾ?”

“ಬೇರೆ ಕಂಪನೀದು. ಯಾರೋ ಎಲ್ಲೋ ಇಳಿಸಿ, ಬದಲಾಯಿಸಿ, ಮೇಲೆ ಪೌಡರ್ ಹಚ್ಚಿದಾರೆ.”

ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಳದಿ ಹಳದಿಯಾಗಿಯೇ ಉಳಿಯಿತು. ಹೆಂಡತಿ ತಲೆಯೆತ್ತಿ, ಓಡದೆ ನಿಂತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

“ರೀ, ಒಂದ್ ಮಾತು. ಕೂಗಾಡಬಾರದು.”

“ನೀನಾ?”

“ನೀವು ಅಂಗಡಿ ಕೆಲಸಕ್ಕೆ ಅಂತ ಊರಿಗೆ ಹೋಗಿದ್ರಲ್ಲ, ಆವಾಗ. ತರಕಾರಿ ತರೋಕೆ ಹೋದೆ. ರಿವರ್ಸ್ ಸಿಗ್ಲಿಲ್ಲ. ಹಿಂದೆ ಹೋಗೋಕಾಗ್ದೆ ಮುಂದೆ ಹೋದೆ. ಮುಂದೆ ಚರಂಡಿ ಇತ್ತು.”

“ತರಕಾರಿ! ನನ್ನ ಗಾಡೀಲಿ!”

“ಬರೀ ಸೊಪ್ಪು ರೀ. ಭಾರ ಏನಿರಲಿಲ್ಲ.”

ಅಷ್ಟರಲ್ಲಿ ಉದ್ದಣ್ಣ ಹಿಂದಿನ ಬಲಗಡೆಯದನ್ನು ಕೆರೆದಿದ್ದ. ನೀಲಿ. ಯಜಮಾನರು ಪಕ್ಕದಲ್ಲಿದ್ದ ಟೈರಿನ ಮೇಲೆ ಕುಸಿದು ಹೆಂಡತಿಯತ್ತ ನೋಡಿದರು.

“ದೇವರಾಣೆಗೂ ನಾನಲ್ಲ. ನಂದು ಒಂದೇ ಚಕ್ರ.”

“ಅದು ನಂದು ಕಣೋ,” ಎಂದರು, ಇದ್ದೊಂದೇ ಕುರ್ಚಿಯಲ್ಲಿ ಕೂತಿದ್ದ ತಾಯಿ.

ನೆಲ ಬಾಯಿಬಿಟ್ಟಿದ್ದರೂ ಯಜಮಾನರು ಅಷ್ಟು ಬೆಚ್ಚುತ್ತಿರಲಿಲ್ಲ. ತಾಯಿ ಹರೆಯದಲ್ಲಿ ಬೇಕರಿಯ ವ್ಯಾನು ಓಡಿಸುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಆದರೆ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳದೆ ಮಂಚ ಇಳಿಯದ ಜೀವ ಅದು.

“ಅಮ್ಮಾ!”

“ಸಾಯೋಕೆ ಮುಂಚೆ ಒಂದ್ಸಲ ಓಡಿಸಿಬಿಡೋಣ ಅನ್ನಿಸ್ತು. ಆಮೇಲೆ ನೋಡು, ಸಾಯಲೇ ಇಲ್ಲ. ರಿವರ್ಸ್ ನಂಗೆ ಸಲೀಸಾಗಿ ಸಿಕ್ತು. ಅದೇ ಆಗಿದ್ದು ತೊಂದರೆ. ನಾನು ಹುಡುಕ್ತಾ ಇದ್ದಿದ್ದು ಫಸ್ಟ್ ಗೇರು.”

“ಅತ್ತೇ, ನೀವೂನಾ?” ಸೊಸೆಯ ದನಿಯಲ್ಲಿ ಗಾಬರಿಗಿಂತ ಭಕ್ತಿ ಹೆಚ್ಚಿತ್ತು. “ಆ ಹಳೇ ಮೆಕ್ಯಾನಿಕ್ ಹತ್ರಾನೇ?”

“ಇನ್ನೆಲ್ಲಿ? ಪುಣ್ಯಾತ್ಮ, ನಿನ್ನದನ್ನ ನಂಗೆ ಹೇಳಲಿಲ್ಲ, ನಂದನ್ನ ನಿಂಗೆ ಹೇಳಲಿಲ್ಲ. ಇಬ್ಬರಿಗೂ ಒಂದೇ ಡಬ್ಬೀಲಿ ಬಣ್ಣ ಬಳಿದುಕೊಟ್ಟಿದಾನೆ.”

ಉದ್ದಣ್ಣ ಮುಂದಿನ ಬಲಗಡೆಗೆ ಸರಿದ. ಯಜಮಾನರು ಟೈರಿನಿಂದ ಚಂಗನೆ ಎದ್ದರು.

“ಅದು ಬಿಡಪ್ಪ, ಅದು ಚೆನ್ನಾಗಿದೆ.”

ತಡವಾಗಿತ್ತು. ಹಸಿರು ಹೊರಬಿದ್ದಿತ್ತು. ಮೂವರು ಹೆಂಗಸರೂ ಒಟ್ಟಿಗೆ ಇವರತ್ತ ತಿರುಗಿದರು.

“ರೀ?”

“ರಸ್ತೆ ಡಿವೈಡರ್ ಅಡ್ಡ ಬಂತು,” ಎಂದರು ಯಜಮಾನರು, ತಮ್ಮ ಚಪ್ಪಲಿಗೆ.

“ಪಾಪ,” ಎಂದರು ತಾಯಿ. “ಅದು ಹಾರ್ನಾದ್ರೂ ಮಾಡಬೇಕಿತ್ತು.”

ಉದ್ದಣ್ಣ ಕೈ ಒರೆಸಿಕೊಂಡ. “ಹಿಂದಿನ ಎಡಗಡೇದೊಂದೇ ಹುಟ್ಟಿದಾಗಿನಿಂದ ಇರೋದು ಸಾರ್. ಎಣ್ಣೆ ಸೋರಿ ಸತ್ತಿರೋದೂ ಅದೊಂದೇ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಇಲ್ಲಿ ನಾಲ್ಕೂ ನಾಲ್ಕು ಕಡೆ ಎಳೀತಾ ಇವೆ. ತೂಗದೆ ಇನ್ನೇನು ಮಾಡುತ್ತೆ? ನಾಲ್ಕಕ್ಕೂ ಒಂದೇ ಜಾತೀದು ಹಾಕ್ಬೇಕು. ಗಟ್ಟೀನಾ?”

ಮಗಳು ಮುಂದೆ ಬಂದು ಅಂಗೈ ಚಾಚಿದಳು.

“ಅಪ್ಪಾ, ಮನೇಲಿ ಗುದ್ದದ ಕೈ ಯಾವುದು ಉಳೀತು?”

ಅವರು ಹೆಂಡತಿಯ ಕೈ ನೋಡಿದರು, ತಾಯಿಯ ಕೈ ನೋಡಿದರು, ತಮ್ಮ ಕೈಯನ್ನು ಜೇಬಿಗೆ ಹಾಕಿ ಬಚ್ಚಿಟ್ಟರು. ಹಾಕಿದ ಕೈಗೆ ಕೀಲಿ ಸಿಕ್ಕಿತು. ತಾವೇ ಮಾಡಿದ ಕಾನೂನು. ನುಂಗುವಂತಿಲ್ಲ, ಉಗುಳುವಂತಿಲ್ಲ. ಕೀಲಿ ಮಗಳ ಅಂಗೈಗೆ ಬಿತ್ತು.

“ಮಧ್ಯಮದ್ದು ಹಾಕಿ ಉದ್ದಣ್ಣ,” ಎಂದಳು ಅವಳು. “ಗಟ್ಟೀದು ಹಾಕಿದ್ರೆ ಬೆಟ್ಟದ ರಸ್ತೇಲಿ ಚಕ್ರ ನೆಲ ಬಿಟ್ಟು ಹಾರುತ್ತೆ. ನೀರಿನ ಟ್ಯಾಂಕ್ ಹತ್ರ ತಿರುವಲ್ಲಂತೂ ಹಿಂಭಾಗ ಈಗಲೇ ಜಾರುತ್ತೆ.”

ಅದು ಅವಳಿಗೆ ಹೇಗೆ ಗೊತ್ತೆಂದು ಕೇಳುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಹೋಟೆಲ್ ಊಟ ಮುಗಿಸಿ ಹಿಂದಿರುಗಿದಾಗ ಕಾರು ನೆಲಕ್ಕಿಳಿದಿತ್ತು. ಕಾರೆತ್ತುವ ಯಂತ್ರದ ಎರಡು ಕಂಬಗಳ ನಡುವಿನಿಂದ ಹಿಮ್ಮುಖವಾಗಿಯೇ ಹೊರತೆಗೆಯಬೇಕು. ಎರಡೂ ಕಡೆ ಗೇಣು ಜಾಗವಿಲ್ಲ. ಮಗಳು ಕೂತಳು. ಅಪ್ಪ ಕಿಟಕಿಗೆ ಬಗ್ಗಿದರು. ಕಳೆದುಕೊಂಡ ಮಾನದಲ್ಲಿ ಕಾಲುಭಾಗವಾದರೂ ವಾಪಸು ಬರುವ ಹೊತ್ತು.

“ನೋಡಮ್ಮಾ, ಇದರ ರಿವರ್ಸ್ ಗುಟ್ಟು ಏನಂದ್ರೆ, ಮೊದಲು ಗೇರನ್ನ ಕೆಳಕ್ಕೆ—”

ಮಾತು ಮುಗಿಯುವ ಮೊದಲೇ ಅವಳ ಎಡಗೈ ಗೇರನ್ನು ಕೆಳಕ್ಕೆ ಅದುಮಿ, ಪಕ್ಕಕ್ಕೆಳೆದು, ಹಿಂದಕ್ಕೆ ಸರಿಸಿತು. ಕಣ್ಣು ಆಗಲೇ ಹಿಂದಿನ ಕನ್ನಡಿಯಲ್ಲಿತ್ತು. ಕಾರು ಬೆಣ್ಣೆಯಿಂದ ಕೂದಲೆಳೆದಂತೆ ಕಂಬಗಳ ನಡುವಿನಿಂದ ಹೊರಬಂದು ರಸ್ತೆಯ ಅಂಚಿನಲ್ಲಿ ನಿಂತಿತು.

ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಎದುರಿಗೆ ಕಿಟಕಿ ಇರಲಿಲ್ಲ.

“ಎಷ್ಟು... ಎಷ್ಟು ದಿನದಿಂದ?” ಎಂದರು, ಕಾರಿನ ಬಳಿ ಬಂದು.

“ಅಪ್ಪಾ, ನೀವು ಕೇಳಿದ್ದು ಗುದ್ದದ ಕೈ. ಮುಟ್ಟದ ಕೈ ಅಂತ ಯಾವತ್ತು ಹೇಳಿದ್ರಿ?”

ಅವರು ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಲು ಹೋದರು. ಅಲ್ಲಿ ತಾಯಿ ಆಗಲೇ ಕೂತು, ಬೆಲ್ಟು ಬಿಗಿದುಕೊಂಡು, ಕಿಟಕಿ ಇಳಿಸಿದ್ದರು.

“ನೀವು ಗಂಡಹೆಂಡ್ತಿ ಬಾಡಿಗೆ ಗಾಡೀಲಿ ಬನ್ನಿ ಕಣೋ,” ಎಂದರು. “ಡಿವೈಡರ್ ಅಡ್ಡ ಬಂದ್ರೆ ಹುಷಾರು.”