ಸ್ಟಿಕ್ಕರ್ ಅಂಗಡಿಗೆ ಲಿನಕ್ಸ್ ಬಂದದ್ದು

ನಮ್ಮ ಅಂಗಡಿಯಲ್ಲಿ ಯಾವ ವಸ್ತುವೂ ಬರೀ ಮೈಯಲ್ಲಿ ಇರುವಂತಿಲ್ಲ. ಫ್ಯಾನಿನ ರೆಕ್ಕೆ, ನೀರಿನ ಕ್ಯಾನು, ಕೊನೆಗೆ ನನ್ನ ಅತ್ತೆಯ ಊರುಗೋಲಿಗೂ ನನ್ನ ಗಂಡ ಬಣ್ಣದ ಸ್ಟಿಕ್ಕರ್ ಸುತ್ತಿಬಿಟ್ಟಿದ್ದಾರೆ. ಗಾಜಿನ ಬಾಗಿಲಿಗೆ ಅಕ್ಷರ, ವ್ಯಾನಿಗೆ ಚಿತ್ರ, ಡಬ್ಬಿಗೆ ಲೇಬಲ್, ಇವೇ ನಮ್ಮ ಕಸುಬು. ಇದರಲ್ಲಿ ಅವರ ಕೈಯನ್ನು ಮೀರಿಸುವವರಿಲ್ಲ. ಅವರು ಅಂಟಿಸಿದ್ದರಲ್ಲಿ ಗಾಳಿಗುಳ್ಳೆ ಹುಡುಕುವುದೆಂದರೆ ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ. ಸಿಕ್ಕಿತೋ, ಅವರಿಗೆ ಆ ದಿನ ಊಟ ಸೇರುವುದಿಲ್ಲ.

ಈ ಕೆಲಸಕ್ಕೆಲ್ಲ ಆಧಾರ ಒಂದು ಹಳೆಯ ಲ್ಯಾಪ್‌ಟಾಪ್. ಮುಚ್ಚಿಹೋದ ಯಾವುದೋ ಕಚೇರಿಯಿಂದ ಬಂದದ್ದು. ಕಪ್ಪಗೆ, ದಪ್ಪಗೆ, ಕೆಳಗೆ ಬಿದ್ದರೆ ನೆಲಕ್ಕೇ ಪೆಟ್ಟಾಗಬೇಕು, ಅಂಥ ಗಟ್ಟಿ ಪಿಂಡ. ಅದರಲ್ಲಿ ಚಿತ್ರ ಬಿಡಿಸಿ ಪಕ್ಕದ ಕಟಿಂಗ್ ಯಂತ್ರಕ್ಕೆ ಕಳಿಸಿದರೆ ಯಂತ್ರದ ಪುಟ್ಟ ಚಾಕು ಹಾಳೆಯ ಮೇಲೆ ಓಡಾಡಿ ಕತ್ತರಿಸಿ ಕೊಡುತ್ತದೆ. ಆದರೆ ಅದರೊಳಗಿನ ವಿಂಡೋಸ್‌ಗೆ ವಯಸ್ಸಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿ, ಕಸ ಗುಡಿಸಿ, ಕಾಫಿ ಕುಡಿದು ಬಂದರೂ ಅದಿನ್ನೂ ಆಕಳಿಸುತ್ತಲೇ ಇರುತ್ತಿತ್ತು. ಹೊಸ ಆವೃತ್ತಿ ಹಾಕೋಣವೆಂದರೆ, ಈ ಯಂತ್ರ ತನಗೆ ತಕ್ಕುದಲ್ಲವೆಂದು ಅದು ಮೂಗು ಮುರಿಯಿತು.

"ಲಿನಕ್ಸ್ ಹಾಕೋಣ ಅಣ್ಣಾ," ಎಂದಳು ನನ್ನ ನಾದಿನಿ. ಆಳು ತೆಳ್ಳಗೆ, ಮಾತು ಚೂಪು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸೂಜಿ ಎಂದೇ.

"ಏನದು?"

"ವಿಂಡೋಸ್ ಜಾಗದಲ್ಲಿ ಕೂರೋ ಇನ್ನೊಂದು. ಹಗುರ. ಹಳೇ ಲ್ಯಾಪ್‌ಟಾಪಲ್ಲೂ ಚೆನ್ನಾಗಿ ಓಡುತ್ತೆ. ಬಿಟ್ಟಿ ಬೇರೆ."

"ಬಿಟ್ಟಿ ಕೊಡೋಕೆ ಅವರಿಗೇನು ಹುಚ್ಚಾ?"

"ಅಮ್ಮನ ಕೋಲಿಗೆ ಸ್ಟಿಕ್ಕರ್ ಸುತ್ತಿದ್ಯಲ್ಲ, ಬಿಲ್ ಕೊಟ್ಟಿದ್ಯಾ? ಅದೇ ಹುಚ್ಚು."

ಅತ್ತೆ ಕಿಸಕ್ಕನೆ ನಕ್ಕರು. ನನ್ನ ಗಂಡ ನಗಲಿಲ್ಲ. ಅವರ ತಲೆಯಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು. ಮುಖ್ಯರಸ್ತೆಯ ದೊಡ್ಡ ಪ್ರೆಸ್ಸಿನ ಯಜಮಾನರು ಸೂಜಿಗೆ ಕೆಲಸ ಕೊಡುತ್ತೇವೆಂದಿದ್ದರು. ಶನಿವಾರ ಸಂಜೆ ಫೋನ್ ಮಾಡಿ ಅವಳ ಉತ್ತರ ಕೇಳುವವರಿದ್ದರು. ತಂಗಿಗೆ ಒಳ್ಳೆಯ ಕಡೆ ಕೆಲಸ ಸಿಕ್ಕಿತು, ಈ ಸಣ್ಣ ಅಂಗಡಿಯಲ್ಲಿ ಅವಳಿಗೇನಿದೆ ಎಂಬುದು ಅಣ್ಣನ ವಾದ. ಅವಳಿಗೋ ಅಲ್ಲಿಗೆ ಹೋಗುವ ಮನಸ್ಸು ಒಂದಿಷ್ಟೂ ಇರಲಿಲ್ಲ. "ಅಲ್ಲಿ ಬೇರೆಯವರು ಬಿಡಿಸಿದ್ದಕ್ಕೆ ಗುಂಡಿ ಒತ್ತುತ್ತಾ ಕೂರ್ಬೇಕು ಅತ್ತಿಗೆ. ನಂಗೆ ನಮ್ಮಂಗಡೀನೇ ಬೇಕು," ಎಂದು ನನ್ನೆದುರು ಎಷ್ಟೋ ಸಲ ಅಂದಿದ್ದಳು.

ಕೊನೆಗೆ ನನ್ನ ಗಂಡ ತೀರ್ಪು ಕೊಟ್ಟರು. "ಶನಿವಾರ ಪ್ರೆಸ್ಸಿನವರು ಫೋನ್ ಮಾಡೋದ್ರೊಳಗೆ ನಿನ್ನ ಲಿನಕ್ಸಿಂದ ಕಟಿಂಗ್ ಯಂತ್ರ ಓಡ್ಬೇಕು. ಓಡಿದ್ರೆ ಕಂಪ್ಯೂಟರ್ ಕೆಲಸ ಪೂರ್ತಿ ನಿಂದು, ನಾನು ತಲೆ ಹಾಕಲ್ಲ. ಓಡ್ಲಿಲ್ವೋ, ನೀನು ಪ್ರೆಸ್ಸಿಗೆ."

ಶುಕ್ರವಾರ ಅವಳು ನಮ್ಮ ಚಿತ್ರಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟಳು. ಪೆನ್‌ಡ್ರೈವಿಗೆ ಲಿನಕ್ಸ್ ಹಾಕಿ, ಲ್ಯಾಪ್‌ಟಾಪಿನ ಒಳಗಿನದೇನನ್ನೂ ಅಳಿಸದೆ ಅದರಿಂದಲೇ ಸುಮ್ಮನೆ ಓಡಿಸಿ ನೋಡಿದಳು. ಪರದೆ ಚಕ್ಕನೆ ಬಂತು. ವೈಫೈಯೂ ಸಿಕ್ಕಿತು.

"ನಿನಗಿಂತ ಬೇಗ ಎದ್ದಿತಲ್ಲೇ!" ಎಂದರು ಅತ್ತೆ.

ಶನಿವಾರ ಬೆಳಿಗ್ಗೆ ಅಂಗಡಿಗೆ ಹೋದರೆ ಲ್ಯಾಪ್‌ಟಾಪ್ ಹಸಿರಾಗಿತ್ತು. ಮುಚ್ಚಳ, ಅಂಚು, ತಳ, ಎಲ್ಲಕ್ಕೂ ಸ್ಟಿಕ್ಕರ್ ಹೊದಿಕೆ, ಎಲ್ಲೂ ಒಂದು ಸುಕ್ಕಿಲ್ಲ. ಗಾಳಿಯಾಡುವ ಕಿಂಡಿಗಳನ್ನು ಮಾತ್ರ ನನ್ನ ಗಂಡ ಅಚ್ಚುಕಟ್ಟಾಗಿ ಕೊರೆದು ಬಿಟ್ಟಿದ್ದರು.

"ಏನ್ರೀ ಇದು? ಬೇಡ ಬೇಡ ಅಂತಿದ್ದೋರು ನೀವೇ," ಎಂದೆ.

"ಹೊಸ ಜೀವ ಬರುತ್ತಂತಲ್ಲ, ಹಳೇ ಬಟ್ಟೆ ಯಾಕೆ? ಸೋಲೋದಿದ್ರೂ ಲಕ್ಷಣವಾಗಿ ಸೋಲ್ಲಿ," ಎಂದು ಮುಖ ತಿರುಗಿಸಿಕೊಂಡರು.

ಸೂಜಿ ಕೆಲಸ ಶುರು ಮಾಡಿದಳು. ಒಳಗಿನ ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಲಿನಕ್ಸ್ ಕೇಳಿದಾಗ ಅವಳ ಬೆರಳು ಗಳಿಗೆ ಹೊತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಒತ್ತಿಯೇಬಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಹೊಸ ಪರದೆ ತೆರೆಯಿತು. ಎಲ್ಲ ಇತ್ತು, ವೈಫೈ ಮಾತ್ರ ಇರಲಿಲ್ಲ. ಅದಿಲ್ಲದೆ ಕಟಿಂಗ್ ಯಂತ್ರಕ್ಕೆ ಬೇಕಾದ ತಂತ್ರಾಂಶ ಇಳಿಸಿಕೊಳ್ಳುವ ಹಾಗಿರಲಿಲ್ಲ.

"ನಿನ್ನೆ ಇತ್ತಲ್ಲೇ?" ಎಂದೆ.

"ಇತ್ತು ಅತ್ತಿಗೆ! ಇದೇ ಲಿನಕ್ಸು, ಇದೇ ಲ್ಯಾಪ್‌ಟಾಪು!"

ಫೋನಿಗೆ ಕೇಬಲ್ ಸಿಕ್ಕಿಸಿ ಅದರ ನೆಟ್ ಕೊಡಬಹುದು ಎಂದಳು. ಅದಕ್ಕೆ ಅಣ್ಣ ಒಪ್ಪಲಿಲ್ಲ. "ದಿನಾ ಬಾಲ ಕಟ್ಕೊಂಡು ಓಡ್ಬೇಕಾ ಅದು? ವೈಫೈ ಇಲ್ದಿದ್ರೆ ಲೆಕ್ಕಕ್ಕಿಲ್ಲ."

ಮಧ್ಯಾಹ್ನ ಕಳೆಯಿತು. ಸೂಜಿ ಊಟ ಮುಟ್ಟಲಿಲ್ಲ. ಫೋನಿನಲ್ಲಿ ಓದುವುದು, ಕಪ್ಪು ಪರದೆಯಲ್ಲಿ ಏನೋ ಬರೆಯುವುದು, ತುಟಿ ಕಚ್ಚುವುದು. ಕೊನೆಗೊಮ್ಮೆ ಹುಬ್ಬು ಗಂಟಿಕ್ಕಿ ಪರದೆಗೆ ಮುಖ ತಂದಳು. "ಲಿನಕ್ಸ್ ತಪ್ಪಲ್ವಂತೆ. ಲ್ಯಾಪ್‌ಟಾಪಿನ ಮೈಮೇಲೇ ವೈಫೈಗೊಂದು ಸ್ವಿಚ್ ಇದೆಯಂತೆ, ಅದು ಆಫ್ ಆಗಿದೆ ಅಂತಿದೆ. ಎಲ್ಲಿದೆ ಸ್ವಿಚ್ಚು? ಸುತ್ತ ಹುಡುಕಿದೆ, ಕಾಣ್ತಿಲ್ಲ."

ಅತ್ತೆ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡರು. ಸ್ಟಿಕ್ಕರಿನ ಗುಳ್ಳೆಗಳನ್ನು ಹೆಬ್ಬೆರಳಿನಿಂದ ತೀಡಿ ತೀಡಿ ಪಳಗಿದ ಕೈ ಅದು. ಅಂಚಿನುದ್ದಕ್ಕೂ ಸವರುತ್ತಾ ಬಂದು ಒಂದು ಕಡೆ ನಿಂತಿತು.

"ಇಲ್ಲೊಂದು ಗುಳ್ಳೆ ಬಿಟ್ಟಿದ್ಯಲ್ಲೋ."

"ನಾನು ಅಂಟಿಸಿದ್ರಲ್ಲಿ ಗುಳ್ಳೆನಾ?" ನನ್ನ ಗಂಡ ಉರಿದುಬಿದ್ದು ಎದ್ದು ಬಂದರು. ತಾವೂ ಸವರಿದರು. ಮತ್ತೊಮ್ಮೆ ಸವರಿದರು. ಮುಖ ಇಳಿಯಿತು.

ಅಂಟಿಸುವಾಗ ಹಾಳೆಯನ್ನು ಒತ್ತಿ ಎಳೆಯುವ ಪ್ಲಾಸ್ಟಿಕ್ ಪಟ್ಟಿ ಅಲ್ಲಿದ್ದ ಸಣ್ಣ ಸ್ವಿಚ್ಚನ್ನು ಸರಿಸಿ ಆರಿಸಿತ್ತು. ಮೇಲೆ ಹಸಿರು ಹೊದಿಕೆ ಬಿಗಿಯಾಗಿ ಕೂತು ಅದನ್ನು ಮುಚ್ಚಿಹಾಕಿತ್ತು.

"ಗುಳ್ಳೆ ಅಲ್ಲ," ಎಂದರು, ಯಾರ ಕಡೆಗೂ ನೋಡದೆ.

"ಹಾಗಾದ್ರೆ ಸ್ವಿಚ್ಚಾ ಅಣ್ಣಾ?" ಸೂಜಿಯ ದನಿಯಲ್ಲಿ ಜೇನು ಸುರಿಯುತ್ತಿತ್ತು.

ಅವರೇ ಬ್ಲೇಡ್ ತಂದು, ತಾವೇ ಹೊದಿಸಿದ್ದನ್ನು ತಾವೇ ಕೊರೆದು ಸ್ವಿಚ್ ಸರಿಸಿದರು. ವೈಫೈ ಬಂತು. ತಂತ್ರಾಂಶ ಇಳಿಯಿತು. ದಂತವೈದ್ಯೆಯ ಗಾಜಿನ ಬಾಗಿಲಿಗೆಂದು ಬಿಡಿಸಿಟ್ಟಿದ್ದ ದೊಡ್ಡ ಹಲ್ಲಿನ ಚಿತ್ರವನ್ನು ಹೊರಗಿನ ಡಿಸ್ಕಿನಿಂದ ತೆರೆದು ಅವಳು ಯಂತ್ರಕ್ಕೆ ಕಳಿಸಿದಳು. ಯಂತ್ರ ಮಿಸುಕಲಿಲ್ಲ.

"ಈಗೇನಂತೆ?"

"ಯಂತ್ರ ಮುಟ್ಟೋಕೆ ನಂಗೆ ಅನುಮತಿ ಇಲ್ವಂತೆ."

"ಯಾರು ಕೊಡ್ಬೇಕು ಅನುಮತಿ? ನಾನಾ?"

"ನಾನೇ ಕೊಟ್ಕೋಬೇಕು. ಯಂತ್ರ ಬಳಸಬಹುದಾದವರ ಗುಂಪಿಗೆ ನನ್ನ ಹೆಸರು ಸೇರಿಸ್ಬೇಕು, ಆಮೇಲೆ ಒಂದ್ಸಲ ಹೊರಗೆ ಹೋಗಿ ಒಳಗೆ ಬರ್ಬೇಕು."

ಅತ್ತೆ ಕೋಲು ಹಿಡಿದು ಏಳತೊಡಗಿದರು. "ಎಲ್ಲಾರೂನಾ?"

"ಅಯ್ಯೋ ಕೂತ್ಕೋ ಅಮ್ಮಾ, ಲ್ಯಾಪ್‌ಟಾಪಿಂದ ಹೊರಗೆ!"

ಮತ್ತೆ ಕಳಿಸಿದಳು. ಚಾಕು ಸರಕ್ಕನೆ ಓಡಿತು. ಓಡಿದ ಖುಷಿಗೆ ನಾನು ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ಸ್ಟಿಕ್ಕರಿನ ಜೊತೆ ಅಡಿಯ ಕಾಗದವೂ ಹರಿದು ಹಲ್ಲು ಚಿಂದಿಯಾಯಿತು. ಸೂಜಿಯ ಕಣ್ಣು ತುಂಬಿಬಂತು. ಈಗ "ಸಾಕು, ಬಿಡು" ಅನ್ನುತ್ತಾರೆಂದು ನಾನು ಗಂಡನ ಕಡೆ ನೋಡಿದೆ.

ಅವರು ಕಣ್ಣು ಮುಚ್ಚಿ ನಿಂತಿದ್ದರು. "ಇನ್ನೊಂದು ಸಲ ಕಳಿಸು. ಸದ್ದು ಕೇಳ್ಬೇಕು."

ಚಾಕು ಹೊರಟಿತು.

"ಅರಚ್ಕೊಳ್ತಿದೆ. ಒತ್ತಡ ಇಳಿಸು."

"ಎಷ್ಟು?"

"ಎಷ್ಟು ಅಂದ್ರೆ? ಇಳಿಸ್ತಾ ಹೋಗು, ಹೇಳ್ತೀನಿ. ಇನ್ನೂ... ಇನ್ನೂ ಸ್ವಲ್ಪ... ಹಾಂ! ಅಲ್ಲೇ ಇರ್ಲಿ."

ರೇಷ್ಮೆ ಸೆರಗು ನೆಲದ ಮೇಲೆ ಸರಿದಂಥ ಸದ್ದು. ನನ್ನ ಗಂಡ ಹಾಳೆಯ ಮೂಲೆ ಹಿಡಿದು ಮೆಲ್ಲಗೆ ಎಬ್ಬಿಸಿದರು. ಹಲ್ಲು ಒಂದೇ ತುಂಡಾಗಿ, ನುಣ್ಣಗೆ ಎದ್ದು ಬಂತು. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿರುವಾಗಲೇ ಮೇಜಿನ ಮೇಲೆ ಅವರ ಫೋನ್ ಬಡಿದುಕೊಂಡಿತು. ಪ್ರೆಸ್ಸಿನ ಯಜಮಾನರು.

ಅವರು ಫೋನ್ ಎತ್ತಿ ತಂಗಿಯ ಕೈಗೆ ಕೊಟ್ಟರು. "ಉತ್ತರ ನಿಂದು. ನೀನೇ ಹೇಳು."

"ನಮಸ್ಕಾರ ಸರ್. ನಾನು ಬರಲ್ಲ ಸರ್, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ನಮ್ಮಂಗಡಿ ಕಂಪ್ಯೂಟರ್ ಕೆಲಸ ಇನ್ಮೇಲೆ ನಾನೇ ನೋಡ್ಕೊಳ್ಳೋದು." ಆ ಕಡೆಯಿಂದ ಏನೋ ದೊಡ್ಡ ದೂರು ಸಾಗಿತ್ತು. ಸೂಜಿ ತಲೆಯಾಡಿಸುತ್ತಾ ಕೇಳಿದಳು. "ನಿಮ್ಮ ಕಂಪ್ಯೂಟರ್‌ಗಳದೂ ಹಾಗೇನಾ? ಹೊಸ ವಿಂಡೋಸ್ ಕೂರಲ್ಲ ಅಂತಾ? ಹಾಗಾದ್ರೆ ಒಂದನ್ನ ತಗೊಂಡ್ಬನ್ನಿ ಸರ್. ಮೊದಲು ಏನೂ ಅಳಿಸ್ದೆ ಓಡಿಸಿ ತೋರಿಸ್ತೀನಿ, ಇಷ್ಟ ಆದ್ರೆ ಮುಂದಿನ ಮಾತು."

ಅವಳು ಮಾತು ಮುಗಿಸುವಷ್ಟರಲ್ಲಿ ನನ್ನ ಗಂಡ ಕಿಟಕಿ ಪಕ್ಕದ ಮೇಜಿನ ಮೇಲಿದ್ದ ಹಾಳೆಯ ಸುರುಳಿಗಳನ್ನೆಲ್ಲ ಎತ್ತಿ ಗೋಡೆಗೆ ಒರಗಿಸಿದ್ದರು. ಧೂಳು ಒರೆಸಿದರು. ಗಾಳಿ ಬರಲೆಂದು ಕಿಟಕಿಯ ಬಾಗಿಲನ್ನೂ ತಳ್ಳಿದರು.

"ಇಷ್ಟು ಜಾಗ ಸಾಕಾಗುತ್ತೇನೇ ನಿಂಗೆ?" ಎಂದು ಕೇಳಿದರು.