ಹದಿನೆಂಟು, ಅಥವಾ ಉಪ್ಪುನೀರು

೧
ಎಲ್ಲಿಂದ ಶುರು ಮಾಡಲಿ? ಆಪರೇಷನ್ನಿನಿಂದ ಮಾಡಿದರೆ ರಕ್ತ, ಗೆಡ್ಡೆಯಿಂದ ಮಾಡಿದರೆ ಪಾಠ. ಎರಡನ್ನೂ ಬರೆದು ಹರಿದೆ. ಇಸ್ಪೀಟೇ ವಾಸಿ.

ಜರ್ಮನಿಯಲ್ಲಿ ನಮ್ಮ ಸ್ಯಾಕ್ಸನಿ ಸೀಮೆಯ ಸ್ಕಾಟ್ ಆಟಕ್ಕೆ ಮೂವರು ಬೇಕು: ಹಂಚುವವನು, ಕೇಳುವವನು, ಹೇಳುವವನು. ಹೇಳುವವನು ಕೇಳುವವನ ಎಡಕ್ಕೆ ಕೂತು ‘ಹದಿನೆಂಟು’, ‘ಇಪ್ಪತ್ತು’ ಎಂದು ಪಣ ಏರಿಸುತ್ತಾ ಹೋಗುತ್ತಾನೆ. ಕೇಳುವವನು ಹ್ಞೂಂ ಅನ್ನಬೇಕು, ಇಲ್ಲವೇ ಬಿಟ್ಟುಕೊಡಬೇಕು. ಎಲೆಗಳಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು.

ನಮ್ಮ ಆಟದ ಗೆಳತಿ ರೋಸ್‌ವಿಥಾ ಒಂದು ವರ್ಷದಿಂದ, ಕೇಳಿಸದೆಯೇ, ಎಲ್ಲಕ್ಕೂ ಹ್ಞೂಂ ಅಂದು ಸೋಲುತ್ತಿದ್ದಳು. ಎಡಗಿವಿಯ ನರದ ಮೇಲೆ ಗೆಡ್ಡೆ. (ಇಲ್ಲೊಂದು ಉಪಮೆ ಹಾಕುವ ಆಸೆಯಾಯಿತು. ಹಾಕಲಿಲ್ಲ.)

“ಕಿರುಚಿ ಹೇಳ್ಬೇಕಾದ ದಿನ ನಾನು ಎಲೆ ಕೆಳಗಿಡ್ತೀನಿ,” ಎಂದಿದ್ದಳು.

೨
ಗೆಡ್ಡೆ ತೆಗೆಯುವಾಗ ಕಿವಿಯೂ ಹೋಗಬಹುದು. ಅದನ್ನು ಉಳಿಸೀತೇನೋ ಎಂದು ಔಷಧವೊಂದನ್ನು ಪರೀಕ್ಷಿಸುತ್ತಿದ್ದ ಟೀಡ್ಗೆ ಎಂಬ ಡಾಕ್ಟರ್, ಅವಳ ಮಂಚದ ಎಡಗಡೆ ಕೂತು ಎಲ್ಲ ವಿವರಿಸಿ, “ಸೇರ್ತೀರಾ?” ಎಂದ.

“ಹ್ಞೂಂ. ಹಾಲು ಬೇಡ.”

ಗಂಡ ಎಕಾರ್ಟ್ ಬಿದ್ದು ಬಿದ್ದು ನಕ್ಕ. “ಡಾಕ್ಟ್ರೇ, ಅವಳು ಒಪ್ಪಿದ್ದು ಕಾಫಿಗೆ. ಈ ಕಡೆ ಬನ್ನಿ.”

ಡಾಕ್ಟರ್ ಬಲಗಡೆಯಿಂದ ಮತ್ತೆ ಹೇಳಿದ: ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಪರೀಕ್ಷೆ ಮುಗಿಯುವವರೆಗೆ ಅವನಿಗೂ ಗೊತ್ತಿರುವುದಿಲ್ಲ.

“ನಿಮ್ಗೂ ಗೊತ್ತಿಲ್ವಾ? ಹಾಗಾದ್ರೆ ಸೇರ್ತೀನಿ. ಆ ಕಾಫಿ ಏನಾಯ್ತು?”

೩
ನಾನು ಬರೆದ ಆಪರೇಷನ್ನಿನ ಭಾಗವನ್ನು ರೋಸ್‌ವಿಥಾಳೇ ಹೊಡೆದುಹಾಕಿದಳು. “ನಾನು ನಿದ್ದೇಲಿದ್ದೆ. ನೀನೇನು ಇಣುಕಿ ನೋಡಿದ್ಯಾ?”

ಗೆಡ್ಡೆ ಹೋಯಿತು. ಔಷಧವೋ ಉಪ್ಪುನೀರೋ, ಬಾಟಲಿ ತೊಟ್ಟಿಕ್ಕುತ್ತಲೇ ಇತ್ತು.

“ಕಥೆ ನಿನ್ದು ತಾನೆ? ಅದ್ರೊಳಗೇನಿದೆ ಹೇಳೋ.”

“ನಂಗೂ ಗೊತ್ತಿಲ್ಲ, ತಾಯಿ.”

“ಮತ್ತೆ ಯಾಕಯ್ಯಾ ಬರೀತೀಯ? ಬಾ, ಎಲೆ ಹಂಚು. ಮೂರನೇ ಕೈ ಇಲ್ಲ.”

೪
ಪಟ್ಟಿ ಬಿಚ್ಚಿದ ದಿನ, ಕಿವಿ ಪರೀಕ್ಷೆಗೆ ಕರೆಯುವ ಮುಂಚೆ, ವಾರ್ಡಿನ ಮೇಜಿನ ಮೇಲೆ ನಾನು ಎಲೆ ಹಂಚಿದೆ. ಅವಳು ಬಲಗಿವಿಗೆ ಹತ್ತಿ ತುರುಕಿ ಬೆರಳೊತ್ತಿ ಕೂತಳು. ಎಡಕ್ಕಿದ್ದ ಎಕಾರ್ಟ್, ತುಟಿ ಓದಬಾರದೆಂದು ಬಾಯಿಗೆ ಎಲೆ ಅಡ್ಡ ಹಿಡಿದು ಅವಳತ್ತ ಬಾಗಿದ.

ಮುಕ್ತಾಯ ಒಂದು: ‘ಹದಿನೆಂಟು’ ಅಂದ, ‘ಹ್ಞೂಂ’ ಅಂದಳು, ಎಲ್ಲರೂ ಅತ್ತರು. (ಎಕಾರ್ಟ್: “ಥೂ, ನಾನ್ಯಾಕೆ ಅಳ್ಲಿ?”)

ಮುಕ್ತಾಯ ಎರಡು: ಅವಳು ಸುಮ್ಮನಿದ್ದಳು. ಕಿಟಕಿಯಾಚೆ ಬೂದು ಆಕಾಶ. (ರೋಸ್‌ವಿಥಾ: “ಕಿಟಕಿ ಬೇರೆ ಕೇಡು!”)

ಆದದ್ದು ಬೇರೆ. ಈ ಸಲ ಅವಳು ಹ್ಞೂಂ ಅನ್ನಲಿಲ್ಲ.

“ಏನೂ ಕೇಳಿಸ್ಲಿಲ್ಲ,” ಎಂದಳು. “ನಿಜವಾಗ್ಲೂ ಹೇಳಿದ್ಯಾ ಮುದುಕಾ, ಇಲ್ಲಾ ಬರೀ ಉಪ್ಪುನೀರಾ?”

ಮೇಜಿನಾಚೆ ಕೂತ ನನಗೂ ಏನೂ ಕೇಳಿಸಿರಲಿಲ್ಲ.

ಎಕಾರ್ಟ್ ಎಲೆ ಇಳಿಸದೆ ಮೆಲ್ಲಗೆ ಅಂದ: “ಪರೀಕ್ಷೆ ಮುಗಿಯೋವರೆಗೂ ಹೇಳೋ ಹಾಗಿಲ್ಲ.”

ರೋಸ್‌ವಿಥಾ ನಕ್ಕಳು.

ಆಗ ಬೆರಳು ಬಲಗಿವಿಯಲ್ಲೇ ಇತ್ತೇ ಎಂದು ಕೇಳಬೇಡಿ. ನಾನು ನನ್ನ ಎಲೆ ನೋಡುತ್ತಿದ್ದೆ. ನಾಲ್ಕೂ ಗುಲಾಮರು ನನಗೇ ಬಿದ್ದಿದ್ದರು.