ಹತ್ತೂವರೆಯಿಂದ ಹನ್ನೆರಡು

ಒಂದು ಬಸ್ಸು ಮೂರೂವರೆ ಕಾರಿಗೆ ಸಮ, ಒಂದು ಸ್ಕೂಟರು ಅರ್ಧ ಕಾರಿಗೆ. ಮೀನು ಹೇರಿಕೊಂಡು ಹೋಗುವ ಮೂರು ಗಾಲಿಯ ತುಳಿಯುವ ಗಾಡಿ ಎಷ್ಟು ಕಾರಿಗೆ ಸಮ ಎಂದು ಕಂಡುಹಿಡಿಯಲು ಅಂದಾನಿಗೆ ಎರಡು ವರ್ಷ ಬೇಕಾಯಿತು. ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸದೆ ಸಂಚಾರ ಎಂಜಿನಿಯರುಗಳಿಗೆ ರಸ್ತೆ ಅರ್ಥವಾಗುವುದಿಲ್ಲ. ಈ ಕೆಲಸಕ್ಕೆ ಸಿಗುವವರು ಮಾತ್ರ ಹೆಚ್ಚಾಗಿ ಬಸ್ಸಿನಲ್ಲಿ ಓಡಾಡುವವರು.

ಚಾಮರಾಜನಗರದ ಕಡೆಯ ಅಂದಾನಿ ಚೆನ್ನೈಗೆ ಪಿಎಚ್.ಡಿ.ಗೆಂದು ಬಂದದ್ದು ತೊಂಬತ್ತೇಳರಲ್ಲಿ. ವಿಷಯ, ಪುರಸೈವಾಕ್ಕಂನ ಒಂದು ಸಿಗ್ನಲ್ಲು: ಯಾವ ಹೊತ್ತಿಗೆ ಎಷ್ಟು ಉದ್ದದ ಸಾಲು ನಿಲ್ಲುತ್ತದೆಂದು ಮೊದಲೇ ಹೇಳುವ ಒಂದು ಸೂತ್ರ. ಸೀರೆ ಅಂಗಡಿಯ ತಾರಸಿಯಲ್ಲಿ ಕ್ಯಾಮೆರಾ ಇಟ್ಟು ತೊಂಬತ್ತು ಕ್ಯಾಸೆಟ್ಟು ತುಂಬಿಸಿದ. ಆಮೇಲೆ ಅವನ್ನು ಲ್ಯಾಬಿನ ಟಿವಿಯಲ್ಲಿ ತಡೆದು ತಡೆದು ಓಡಿಸಿ, ಒಂದೊಂದು ಗಾಡಿಯನ್ನೂ ಎಣಿಸಿದ. ಕೆಂಪು ದೀಪದಲ್ಲಿ ನಿಂತ ಜನರೆಲ್ಲ ಹಸಿರಿಗೆ ಹೊರಟುಹೋದರು. ಅಂದಾನಿ ಏಳು ವರ್ಷ ಅದೇ ಸಿಗ್ನಲ್ಲಿನಲ್ಲಿ ಉಳಿದ.

ಸೂತ್ರ ಸುಮಾರಾಗಿ ನಡೆಯುತ್ತಿತ್ತು, ಕೆಲವು ಹೊತ್ತು ಬಿಟ್ಟು. ಶುಕ್ರವಾರ ಹನ್ನೆರಡಕ್ಕೆ, ಶನಿವಾರ ಹತ್ತೂವರೆಗೆ, ಬುಧವಾರ ಒಂದೂವರೆಗೆ ಸಾಲು ಇದ್ದಕ್ಕಿದ್ದಂತೆ ಇಮ್ಮಡಿಯಾಗುತ್ತಿತ್ತು. ಒಂದು ವರ್ಷ ತಲೆ ಕೆಡಿಸಿಕೊಂಡ ಮೇಲೆ ಉತ್ತರ ಸಿಕ್ಕಿದ್ದು ಲ್ಯಾಬಿನ ಗೋಡೆಯಲ್ಲೇ. ಪಾತ್ರೆ ಅಂಗಡಿಯವರು ಕೊಟ್ಟ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು; ಅದರ ಮೂಲೆಯಲ್ಲಿ ದಿನದಿನದ ರಾಹುಕಾಲ. ಮದುವೆ ಸೀರೆಗೂ ಪಾತ್ರೆಗೂ ಹೊರಟ ಸಂಸಾರಗಳು ರಾಹುಕಾಲ ಕಳೆಯುವವರೆಗೆ ಮನೆಯಲ್ಲೇ ಕೂತು, ಕಳೆದ ತಕ್ಷಣ ಒಟ್ಟಿಗೆ ರಸ್ತೆಗಿಳಿಯುತ್ತಿದ್ದವು. ಅಂದಾನಿ ಅದನ್ನೆಲ್ಲ ಐದನೇ ಅಧ್ಯಾಯವಾಗಿ ಬರೆದ.

ಮಾರ್ಗದರ್ಶಕ ಪ್ರೊಫೆಸರ್ ಕಮಲಾಕರ ಆ ಅಧ್ಯಾಯವನ್ನು ತೆಗೆಸಿದರು. ಅವರದು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಮಾಧ್ವರ ಮನೆ. ಮನೆಮಾತು ಕನ್ನಡ, ಅದರಲ್ಲಿ ಅರ್ಧ ತಮಿಳು.

"ಇದೆಲ್ಲಾ ವೇಂಡಾಂಪ್ಪಾ," ಎಂದಿದ್ದರು. "ಪರೀಕ್ಷಕರು ಫಾರಿನ್ನಿನವರು. ಓದಿದ ಜನ ಪಂಚಾಂಗ ನೋಡಿ ಸ್ಕೂಟರ್ ಸ್ಟಾರ್ಟ್ ಮಾಡ್ತಾರೆ ಅಂತ ಬರೆದ್ರೆ ಸಿರಿಪ್ಪಾ ಸಿರಿಪ್ಪಾರು, ನಗ್ತಾರೆ. ಸಂಖ್ಯೆ ಸಾಕು, ನಂಬಿಕೆ ಬೇಡ."

ಅಧ್ಯಾಯ ಹೋಯಿತು, ಆರನೆಯದು ಐದಾಯಿತು. ಪ್ರಬಂಧಕ್ಕೆ ಕಪ್ಪು ರಟ್ಟು, ಚಿನ್ನದ ಅಕ್ಷರ ಬಂತು. ನೋಂದಣಿಯ ಏಳು ವರ್ಷ ಮುಗಿಯುವುದು ಒಂದು ಶುಕ್ರವಾರ. ಆ ದಿನ ಹನ್ನೆರಡರೊಳಗೆ ಕಚೇರಿಗೆ ಪ್ರಬಂಧ ಸಲ್ಲಿಸಿ ರಸೀದಿ ಪಡೆಯಬೇಕು. ಹಾಸನದ ಒಂದು ಕಾಲೇಜು ಆ ರಸೀದಿ ತೋರಿಸಿದರೆ ಸೋಮವಾರವೇ ಕೆಲಸಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿತ್ತು. ತೋರಿಸದಿದ್ದರೆ ಪಟ್ಟಿಯಲ್ಲಿ ಮುಂದಿನವರು. ಉಳಿದದ್ದು ಗುರುಗಳ ಒಂದು ಸಹಿ. ಗುರುಗಳು ದೆಹಲಿಯಲ್ಲಿ ಒಂದು ಸಮಿತಿಯಲ್ಲಿದ್ದರು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬರಬೇಕಾದ ರೈಲು ಮೂರು ಗಂಟೆ ತಡವಾಯಿತು.

ಕಮಲಾಕರ ಲ್ಯಾಬಿಗೆ ಕಾಲಿಟ್ಟಾಗ ಹತ್ತು ನಲವತ್ತು. ಅಂದಾನಿ ಸಹಿಯ ಪುಟ ತೆರೆದು, ಪೆನ್ನಿನ ಕ್ಯಾಪು ತೆಗೆದು ಇಟ್ಟಿದ್ದ. ಅವರು ಪೆನ್ನು ಎತ್ತಿಕೊಂಡು, ಗೋಡೆಯ ಕ್ಯಾಲೆಂಡರು ನೋಡಿ, ಕ್ಯಾಪು ಹಾಕಿದರು.

"ಹನ್ನೆರಡು ಹೊಡೀಲಿ."

"ಹನ್ನೆರಡಕ್ಕೆ ಆಫೀಸ್ ಮುಚ್ತದೆ ಸಾರ್."

"ಹಾಕೋದಿಲ್ಲ ಅಂತ ಯಾರು ಹೇಳಿದ್ದು? ಕೊಂಜ ಪೊರುತ್ಕೋ, ಸ್ವಲ್ಪ ತಾಳ್ಕೋ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಏಳು ವರ್ಷದ ಉಳೈಪ್ಪು, ಇಷ್ಟು ದುಡಿಮೆ, ಹೋಗಿ ಹೋಗಿ ರಾಹುಕಾಲದಲ್ಲಿ ಸೈನ್ ಮಾಡೋದಾ?"

ಪಕ್ಕದ ಮೇಜಿನ ವೃಂದಾ ಎರಡನೇ ವರ್ಷದ ಸಂಶೋಧಕಿ. ಮನೆಯಲ್ಲಿ ಕನ್ನಡ ಕೇಳಿ ತಮಿಳಿನಲ್ಲಿ ಉತ್ತರಿಸಿ ಬೆಳೆದವಳು. "ಕೈಯೆಳುತ್ತು ದಾನೇ ಸಾರ್, ಕಲ್ಯಾಣಮಾ?" ಎಂದಳು. ಸಹಿ ತಾನೇ, ಮದುವೆಯಾ ಎಂದು.

"ಮದುವೆಯಾದ್ರೆ ಮುರ್ಕೋಬಹುದಮ್ಮಾ. ಥೀಸಿಸ್ ಆಗಲ್ಲ."

ಅಂದಾನಿ ಗಡಿಯಾರ ನೋಡಿದ. ಕಚೇರಿಗೆ ನಡೆದು ಹೋಗಲು ಹತ್ತು ನಿಮಿಷ, ಓಡಿದರೆ ನಾಲ್ಕು. ಏಳು ವರ್ಷದಲ್ಲಿ ಗುರುಗಳಿಗೆ ಎದುರಾಡದವನು ಅಂದು ಬಾಯಿ ಬಿಟ್ಟ.

"ಅಲ್ಲಾ ಸಾರ್, ಓದಿದ ಜನ ರಾಹುಕಾಲ ನೋಡಿ ಕಾಯಲ್ಲ ಅಂತ ಐದನೇ ಅಧ್ಯಾಯ ತಗಸ್ದೋರು ನೀವೇ ಅಲ್ವಾ? ಅದು ದಿಟವಾದ್ರೆ ಈಗ ಸೈನ್ ಹಾಕ್ಬುಡಿ. ಹಾಕಲ್ಲ ಅಂದ್ರೆ ನನ್ನ ಅಧ್ಯಾಯ ಸರಿ."

ಒಳ್ಳೆಯ ವಾದ. ಅದರ ದೋಷವೆಂದರೆ, ಅದನ್ನು ಒಬ್ಬ ಪ್ರಾಮಾಣಿಕ ಮನುಷ್ಯನ ಮುಂದೆ ಇಟ್ಟದ್ದು.

ಕಮಲಾಕರ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುವವರಂತೆ ಪ್ಯಾಂಟಿನ ಮೇಲೆ ಒರೆಸಿದರು. ಬಹಳ ಹೊತ್ತು ಒರೆಸುತ್ತಲೇ ಇದ್ದರು. ಆ ಬಹಳ ಹೊತ್ತು ಅಂದಾನಿಯದಾಗಿತ್ತು. ಹನ್ನೊಂದೂಕಾಲಿನ ಹೊತ್ತಿಗೆ ಅವರ ಮುಖದಲ್ಲಿ ಒಂದು ಬೆಳಕು ಬಂತು; ಸಮೀಕರಣ ಕೂಡಿಕೊಂಡಾಗ ಮೇಷ್ಟರ ಮುಖದಲ್ಲಿ ಬರುವಂಥದು.

"ನೀನು ಹೇಳೋದು ಶರಿ. ಮೂವತ್ತು ವರ್ಷ ಪಾಠ ಮಾಡಿದ ನಾನೇ ಕಾಯ್ತಿದೀನಿ ಅಂದ್ಮೇಲೆ ಊರೇ ಕಾಯ್ತದೆ. ಅದನ್ನ ತೆಗೆಸಿದ್ದು ನನ್ನ ತಪ್ಪು. ಥೀಸಿಸ್‌ನ ಪ್ರಾಣವೇ ಅದು."

"ಹಂಗಾದ್ರೆ ಸಾರ್..."

"ಅದಿಲ್ಲದೆ ಇದನ್ನ ಹೇಗಪ್ಪಾ ಕಳಿಸ್ಲಿ? ಅದು ಮೋಸ. ಐದನೇ ಅಧ್ಯಾಯ ವಾಪಸ್ ಹಾಕು. ಹಳೇ ಕ್ಯಾಸೆಟ್ಟಿನಲ್ಲಿ ಸೋಮವಾರ, ಮಂಗಳವಾರ ಕಮ್ಮಿ; ಅವನ್ನ ಹೊಸದಾಗಿ ತೆಗಿ. ಆರು ತಿಂಗಳು ಎಕ್ಸ್‌ಟೆನ್ಷನ್ ತಗೋ."

ಅಂದಾನಿ ವೃಂದಾಳನ್ನು ನೋಡಿದ. ವೃಂದಾ ತನ್ನ ಪುಸ್ತಕ ನೋಡಿದಳು. ಹಾಸನದ ಮಾತು ಗುರುಗಳಿಗೂ ಗೊತ್ತಿತ್ತು. ಅವನು ಅದನ್ನೇ ಮತ್ತೆ ಹೇಳಿದ.

"ಹಾಸನ ಎಲ್ಲಿಗೂ ಹೋಗಲ್ಲ," ಎಂದರು ಕಮಲಾಕರ, ನಿಜವಾದ ಕನಿಕರದಿಂದ.

ಅಂದಾನಿಯೂ ಎಲ್ಲಿಗೂ ಹೋಗುವಂತಿರಲಿಲ್ಲ.

ಅವಧಿ ವಿಸ್ತರಣೆಯ ಅರ್ಜಿಯನ್ನು ಕಚೇರಿ ಸಂಜೆ ಐದರವರೆಗೂ ತೆಗೆದುಕೊಳ್ಳುತ್ತದೆ. ಅದನ್ನು ಅಂದಾನಿಯೇ ತುಂಬಿದ. ಗುರುಶಿಷ್ಯರು ಎದುರುಬದುರು ಕೂತು ಕಾದರು. ಕಿಟಕಿಯಾಚೆ ಹನ್ನೆರಡರ ಗಂಟೆ ಹೊಡೆಯಿತು. ಕಚೇರಿಯಲ್ಲಿ ಪ್ರಬಂಧ ತೆಗೆದುಕೊಳ್ಳುವ ಕಿಟಕಿ ಮುಚ್ಚಿರಬೇಕು. ಪುರಸೈವಾಕ್ಕಂನಲ್ಲಿ ಸಾಲು ಇಮ್ಮಡಿಯಾಗಿರಬೇಕು. ಹನ್ನೆರಡು ದಾಟಿ ಎರಡು ನಿಮಿಷಕ್ಕೆ ಕಮಲಾಕರ ಅರ್ಜಿಯ ಮೇಲೆ ದುಂಡಗೆ ಸಹಿ ಹಾಕಿದರು.

"ಸೋಮವಾರವೇ ಕ್ಯಾಮೆರಾ ಇಟ್ಬಿಡು. ಆದ್ರೆ ಹೊರಡೋದು ಏಳೂವರೆ ಒಳಗೆ. ಇಲ್ದಿದ್ರೆ ಆಮೇಲೆ..."

"ಒಂಬತ್ತರ ಮೇಲೆ," ಎಂದ ಅಂದಾನಿ. "ಗೊತ್ತು ಸಾರ್."